ಗೋ ಆಟ: ಬೋರ್ಡ್ ಸೈಜು, ಸಿಮೆಟ್ರಿ, ಮಿರರ್ ಗೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೋ ಬೋರ್ಡ್ ಯಾವ್ಯಾವ ಸೈಜಲ್ಲಿ ಇರತ್ತೆ? ಹೊಸಬರು ಯಾವುದ್ರಿಂದ ಶುರು ಮಾಡ್ಬೇಕು?

ಗೋ ಅಂದ್ರೆ ಇಬ್ಬರು, ಒಬ್ಬರು ಕಪ್ಪು ಒಬ್ಬರು ಬಿಳಿ, ಒಂದೊಂದಾಗಿ ಕಲ್ಲು ಇಡ್ತಾ ಜಾಗ ಸುತ್ತುವರಿಯೋ ಆಟ, ಮೊದಲ ನಡೆ ಕಪ್ಪಿಂದು. ಮೂರು ಸೈಜು ಮುಖ್ಯ. 9×9, 13×13, 19×19. ಗೋನಲ್ಲಿ ಕಲ್ಲು ಇಡೋದು ಚೌಕದ ಒಳಗಲ್ಲ, ಗೆರೆಗಳು ಸೇರೋ ಜಾಗದಲ್ಲಿ, ಹಾಗಾಗಿ 9×9ರಲ್ಲಿ 81 ಪಾಯಿಂಟು, 13×13ರಲ್ಲಿ 169, 19×19ರಲ್ಲಿ 361. ಮೊದಲು 9×9 ಆಡಿ. ಅಲ್ಲಿ ಎರಡನೇ ಮೂರನೇ ನಡೆಗೇ ಜಗಳ ಶುರು, ಕಲ್ಲು ಹಿಡಿಯೋದು (ಸುತ್ತುವರಿದು ಬೋರ್ಡಿಂದ ತೆಗೆಯೋದು), ಎರಡು ಕಣ್ಣು (ಗುಂಪಿನ ಒಳಗೆ ಬೇರೆಬೇರೆ ಖಾಲಿ ಜಾಗ) ಮಾಡಿ ಬದುಕೋದು, ಕೋ (ಒಂದೊಂದು ಕಲ್ಲನ್ನ ಇಬ್ಬರೂ ಸರದಿಯಲ್ಲಿ ಹಿಡೀತಾ ಹೋಗಬಹುದಾದ ಜಾಗ), ಎಲ್ಲ ಬೇಗ ಕಣ್ಣಿಗೆ ಬೀಳತ್ತೆ. ಆದ್ರೆ ಅಲ್ಲೇ ಕೂತುಬಿಡಬೇಡಿ, ಯಾಕಂದ್ರೆ ಎಲ್ಲಿ ಆಡ್ಬೇಕು, ಯಾವ ಮೂಲೆ ಸದ್ಯಕ್ಕೆ ಬಿಡಬಹುದು ಅನ್ನೋ ಯೋಚನೆ 9×9ರಲ್ಲಿ ಬರೋದೇ ಇಲ್ಲ, ಅದು ಬರೋದು 19ಕ್ಕೆ ಹೋದಾಗ. ನಡುವೆ ಒಂದಷ್ಟು ದಿನ 13 ಆಡಿದ್ರೆ ದಾರಿ ಸಲೀಸು.

19 ಯಾಕೆ? 17, 21 ಯಾಕಲ್ಲ?

ಇದಕ್ಕೆ ಲೆಕ್ಕದಲ್ಲೇ ಒಂದು ಚಂದದ ಉತ್ತರ ಇದೆ, ಈ ಪುಟದಲ್ಲಿ ಮುಂದೆ ಬರೋ ಎಲ್ಲದಕ್ಕೂ ಇದೇ ಬುನಾದಿ, ಸ್ವಲ್ಪ ನಿಧಾನವಾಗಿ ಓದಿ.

ಅಂಚಿಂದ ಮೂರನೇ ಗೆರೆ ಅಂದ್ರೆ ಜಾಗ ಕಟ್ಟೋ ಗೆರೆ, ನಾಲ್ಕನೇ ಗೆರೆ ಅಂದ್ರೆ ನಡುವಿನ ಕಡೆ ಮುಖ ಮಾಡಿರೋ ಗೆರೆ. ಈಗ ಒಬ್ರು ಮೂರನೇ ಗೆರೆ ಮೇಲೆ ಸುತ್ತಲೂ ಕಲ್ಲು ಇಟ್ರು ಅಂದ್ಕೊಳ್ಳಿ. 19×19ರಲ್ಲಿ ಅದಕ್ಕೆ 56 ಕಲ್ಲು ಬೇಕು, ಅಂಚಿನ ಕಡೆ ಸಿಗೋದು 136 ಪಾಯಿಂಟು. ಇನ್ನೊಬ್ರು ನಾಲ್ಕನೇ ಗೆರೆ ಮೇಲೆ ಸುತ್ತಲೂ ಇಟ್ರೆ 48 ಕಲ್ಲು, ಒಳಗೆ ಸಿಗೋದು 11×11, ಅಂದ್ರೆ 121. ಒಂದು ಕಲ್ಲಿಗೆ ಎಷ್ಟು ಬಿತ್ತು ಅಂತ ನೋಡಿದ್ರೆ ಮೂರನೇ ಗೆರೆಯವರಿಗೆ ಸುಮಾರು 2.43, ನಾಲ್ಕನೇ ಗೆರೆಯವರಿಗೆ ಸುಮಾರು 2.52. ಹೆಚ್ಚುಕಮ್ಮಿ ಸಮ!

ಇದೇ ಲೆಕ್ಕ 17×17ಕ್ಕೆ ಹಾಕಿ: ಅಂಚಿಗೆ 120, ನಡುವಿಗೆ 81. ಅಂಚು ಆಡಿದವರದ್ದೇ ಮೇಲುಗೈ. 21×21ಕ್ಕೆ ಹಾಕಿ: ಅಂಚಿಗೆ 152, ನಡುವಿಗೆ 169, ಅದೂ ಕಮ್ಮಿ ಕಲ್ಲಲ್ಲಿ. ಅಲ್ಲಿ ಮೂರನೇ ಗೆರೆ ಆಡೋರು ಪಾಪ. 13×13ರಲ್ಲಿ 88ಕ್ಕೆ 25, 9×9ರಲ್ಲಿ ನಾಲ್ಕನೇ ಗೆರೆ ಒಳಗೆ ಉಳಿಯೋದು ಒಂದೇ ಒಂದು ಪಾಯಿಂಟು, ಬೋರ್ಡಿನ ನಟ್ಟನಡು.

ನಿಜವಾದ ಆಟದಲ್ಲಿ ಯಾರೂ ಹೀಗೆ ಸುತ್ತಲೂ ಗೋಡೆ ಕಟ್ಟಲ್ಲ, ಗೊತ್ತು. ಆದ್ರೂ ಬೋರ್ಡ್ ಸೈಜು ಬದಲಾದ್ರೆ ನಡುವಿನ ಬೆಲೆ ಬದಲಾಗತ್ತೆ ಅನ್ನೋದನ್ನ ಇದಕ್ಕಿಂತ ಸರಳವಾಗಿ ತೋರಿಸೋದು ಕಷ್ಟ. ಸಿಮೆಟ್ರಿ ಬಗ್ಗೆ ಯಾರು ಏನೇ ಕೇಳಿದ್ರೂ ಕೊನೆಗೆ ಬಂದು ನಿಲ್ಲೋದು ಇಲ್ಲೇ: ಆ ನಟ್ಟನಡುವಿನ ಒಂದು ಪಾಯಿಂಟು, ತೆಂಗೆನ್ ಅಂತಾರಲ್ಲ, ಈ ಕ್ಷಣಕ್ಕೆ ಅದರ ಬೆಲೆ ಎಷ್ಟು?

ಮೊದಲಿಂದಲೂ 19 ಇತ್ತಾ?

ಇಲ್ಲ. ಚೀನಾದ ಹೆಬೈ ಪ್ರಾಂತ್ಯದ ವಾಂಗ್ಡುನಲ್ಲಿ ಪೂರ್ವ ಹಾನ್ ಕಾಲದ ಗೋರಿಯೊಂದ್ರಲ್ಲಿ 1952ರಲ್ಲಿ ಸಿಕ್ಕ ಕಲ್ಲಿನ ಬೋರ್ಡು 17×17. ಆನ್ಯಾಂಗ್ ಹತ್ರ ಸಿಕ್ಕ ಸುಯಿ ಕಾಲದ ಬೋರ್ಡು, ಕ್ರಿ.ಶ. 595ರದ್ದು, 19×19. ಟಿಬೆಟಿನ ಗೋ ಇವತ್ತಿಗೂ 17×17ರಲ್ಲೇ ಆಡ್ತಾರೆ.

ಹಳೇ ಚೀನೀ ಪದ್ಧತಿಯಲ್ಲಿ ಆಟ ಖಾಲಿ ಬೋರ್ಡಿಂದ ಶುರು ಆಗ್ತಿರ್ಲಿಲ್ಲ, ನಾಲ್ಕೂ ಮೂಲೆಯ ಸ್ಟಾರ್ ಪಾಯಿಂಟಲ್ಲಿ (ಬೋರ್ಡ್ ಮೇಲೆ ಚುಕ್ಕಿ ಗುರುತು ಇರೋ ಜಾಗ) ಮೊದ್ಲೇ ಎರಡು ಕಪ್ಪು ಎರಡು ಬಿಳಿ ಕಲ್ಲು, ಎದುರುಬದುರು ಮೂಲೆಗೆ ಒಂದೇ ಬಣ್ಣ ಬರೋ ಹಾಗೆ ಇಡ್ತಿದ್ರು. ಮಿರರ್ ಗೋ, ಅಂದ್ರೆ ಎದುರಾಳಿಯ ನಡೆಯನ್ನೇ ಬೋರ್ಡಿನ ಎದುರು ಕಡೆ ಕಾಪಿ ಮಾಡೋದು, ಆಡ್ಬೇಕಂದ್ರೆ ನನ್ನ ಕಲ್ಲಿನ ನೇರ ಎದುರು ಮೂಲೆಯಲ್ಲಿ ನಿಮ್ಮ ಕಲ್ಲು ಇರ್ಬೇಕು, ಇಲ್ಲಿ ಅಲ್ಲಿ ಇರೋದು ನನ್ನದೇ ಕಲ್ಲು. ಅಂದ್ರೆ ಆ ಜೋಡಣೆಯಲ್ಲಿ ತೆಂಗೆನ್ ಸುತ್ತ ಮಿರರ್ ಮಾಡೋದು ಮೊದಲ ನಡೆಗೇ ಕೆಟ್ಟಿರತ್ತೆ. ಕೊರಿಯಾದ ಹಳೇ ಸುಂಜಾಂಗ್ ಬಡೂಕ್‌ನಲ್ಲೂ ಇಬ್ಬರದ್ದೂ ಎಂಟೆಂಟು ಕಲ್ಲು ಇಟ್ಟೇ ಶುರು, ಆಮೇಲೆ ಕಪ್ಪಿನ ಮೊದಲ ಕಲ್ಲು ನಟ್ಟನಡುವಿಗೆ.

ಸಣ್ಣ ಬೋರ್ಡುಗಳನ್ನ ಕಂಪ್ಯೂಟರ್ ಪೂರ್ತಿ ಬಿಡಿಸಿದ್ಯಾ?

ಬಿಡಿಸೋದು ಅಂದ್ರೆ ಇಬ್ಬರೂ ತಪ್ಪಿಲ್ಲದೆ ಆಡಿದ್ರೆ ಏನಾಗತ್ತೆ ಅಂತ ಖಚಿತವಾಗಿ ಕಂಡುಹಿಡಿಯೋದು. 5×5 ಬಿಡಿಸಿ ಆಗಿದೆ, 2002ರಲ್ಲಿ ಎರಿಕ್ ವಾನ್ ಡರ್ ವೆರ್ಫ್ ಅವರ ಪ್ರೋಗ್ರಾಮ್ ಮಾಡಿದ್ದು. ಕಪ್ಪು ನಡುವಲ್ಲಿ ಇಟ್ರೆ ಬಿಳಿಗೆ ಎಲ್ಲೂ ಬದುಕೋಕೆ ಜಾಗ ಇಲ್ಲ, 25ಕ್ಕೆ 25 ಕಪ್ಪಿಗೇ. 3×3ರಲ್ಲೂ ಹಾಗೇ, ಒಂಬತ್ತೂ ಕಪ್ಪಿಗೆ. 4×4ರಲ್ಲಿ ಮಾತ್ರ ಕಪ್ಪು ಬರೀ 2 ಪಾಯಿಂಟಲ್ಲಿ ಗೆಲ್ಲತ್ತೆ, ನೋಡಿ ಎಷ್ಟು ವ್ಯತ್ಯಾಸ, ಯಾಕಂದ್ರೆ ಸಮ ಸಂಖ್ಯೆ ಬೋರ್ಡಲ್ಲಿ ನಟ್ಟನಡು ಅನ್ನೋ ಪಾಯಿಂಟೇ ಇಲ್ಲ, ಕಪ್ಪು ಎಲ್ಲಿಟ್ರೂ ಒಂದು ಕಡೆ ವಾಲಿರತ್ತೆ. 6×6ರಲ್ಲಿ ಕಪ್ಪಿಗೆ 4, 7×7ರಲ್ಲಿ 9 ಅಂತ ಪಳಗಿದ ಆಟಗಾರರ ವಿಶ್ಲೇಷಣೆ. 9×9 ಇನ್ನೂ ಗಣಿತದ ಅರ್ಥದಲ್ಲಿ ಬಿಡಿಸಿಲ್ಲ.

ಯಾಕೆ ಇಷ್ಟು ಕಷ್ಟ ಅಂದ್ರೆ ಸ್ಥಿತಿಗಳ ಸಂಖ್ಯೆ ನೋಡಿ. ನಿಯಮಕ್ಕೆ ಒಪ್ಪೋ ಸ್ಥಿತಿಗಳು 2×2ರಲ್ಲಿ 57, 3×3ರಲ್ಲಿ 12,675, 4×4ರಲ್ಲಿ ಎರಡೂವರೆ ಕೋಟಿ ಹತ್ರ. 19×19ರ ನಿಖರ ಸಂಖ್ಯೆಯನ್ನ 2016ರಲ್ಲಿ ಜಾನ್ ಟ್ರಾಂಪ್ ಲೆಕ್ಕ ಹಾಕಿ ಕೊಟ್ರು, ಅದು 171 ಅಂಕಿಗಳ ಸಂಖ್ಯೆ.

361 ಪಾಯಿಂಟ್ ಅಂದ್ರೆ ಮೊದಲ ನಡೆಗೆ 361 ಆಯ್ಕೆನಾ?

ಬೋರ್ಡ್ ತಿರುಗಿಸಿ ನೋಡಿದ್ರೆ ಅಲ್ಲ. ನಾಲ್ಕು ಸಲ ತಿರುಗಿಸಬಹುದು, ಕನ್ನಡಿಯಲ್ಲಿ ನೋಡಿದ ಹಾಗೆ ಮಗುಚಿ ಮತ್ತೆ ನಾಲ್ಕು ಸಲ, ಒಟ್ಟು 8 ರೀತಿ. ಎಂಟರಲ್ಲಿ ಯಾವುದ್ರಲ್ಲೇ ಒಂದಕ್ಕೊಂದು ಹೊಂದಿದ್ರೂ ಅವು ಒಂದೇ ನಡೆ. ಹಾಗೆ ನೋಡಿದ್ರೆ 19×19ರಲ್ಲಿ ನಿಜಕ್ಕೂ ಬೇರೆಬೇರೆ ಮೊದಲ ನಡೆಗಳು 55 ಮಾತ್ರ, 13×13ರಲ್ಲಿ 28, 9×9ರಲ್ಲಿ 15. ಮೊದಲ ಕಲ್ಲನ್ನ ಕಪ್ಪು ತನ್ನ ಬಲಗಡೆಯ ದೂರದ ಮೂಲೆಯಲ್ಲಿ ಇಡೋ ರೂಢಿ ಇದೆ, ಅದು ಮರ್ಯಾದೆಗೆ, ಆಟದ ದೃಷ್ಟಿಯಿಂದ ನಾಲ್ಕು ಮೂಲೆನೂ ಒಂದೇ.

ಮಿರರ್ ಗೋ ಅಂದ್ರೆ ಏನು?

ಎದುರಾಳಿ ಎಲ್ಲಿ ಇಟ್ರೋ ಅದರ ನೇರ ಎದುರು, ತೆಂಗೆನ್ ದಾಟಿ ಅಷ್ಟೇ ದೂರದಲ್ಲಿ, ನಾವು ಇಡೋದು. ಗೆರೆಗಳಿಗೆ 1ರಿಂದ 19 ನಂಬರ್ ಕೊಟ್ರೆ ಎರಡೂ ನಂಬರನ್ನ 20ರಿಂದ ಕಳೆದ್ರೆ ಆಯ್ತು. ಅವರು (4,3) ಆಡಿದ್ರೆ ನೀವು (16,17). 9×9ರಲ್ಲಿ 10ರಿಂದ ಕಳೀಬೇಕು.

ಇದರಲ್ಲಿ ಎರಡು ಬಗೆ. ಕಪ್ಪು ಮೊದಲ ಕಲ್ಲನ್ನ ತೆಂಗೆನ್‌ನಲ್ಲಿ ಇಟ್ಟು ಆಮೇಲೆ ಬಿಳಿಯನ್ನ ಕಾಪಿ ಮಾಡೋದು ಒಂದು. ಬಿಳಿ ತನ್ನ ಮೊದಲ ನಡೆಯಿಂದಲೇ ಕಪ್ಪನ್ನ ಕಾಪಿ ಮಾಡೋದು ಇನ್ನೊಂದು. ಎರಡೂ ಒಂದೇ ಥರ ಕಾಣ್ತವೆ, ಆದ್ರೆ ಒಳಗಿನ ತರ್ಕ ಪೂರ್ತಿ ಬೇರೆ.

ಕಪ್ಪು ತೆಂಗೆನ್ ಹಿಡಿದು ಕಾಪಿ ಮಾಡ್ತಾ ಹೋದ್ರೆ ಗೆಲ್ಲಲೇಬೇಕಲ್ವಾ?

ಕೊಮಿ, ಅಂದ್ರೆ ಕಪ್ಪು ಮೊದಲು ಆಡೋದಕ್ಕೆ ಬದಲಾಗಿ ಬಿಳಿಗೆ ಕೊಡೋ ಪಾಯಿಂಟು, ಇಲ್ದಿದ್ದ ಕಾಲದಲ್ಲಿ ಈ ಮಾತಿಗೆ ತೂಕ ಇತ್ತು. ಈಗಿಲ್ಲ. ಲೆಕ್ಕ ನೋಡಿ: 361ರಲ್ಲಿ ತೆಂಗೆನ್ ಬಿಟ್ರೆ 360, ಕೊನೇವರೆಗೂ ಸಿಮೆಟ್ರಿ ಮುರೀಲಿಲ್ಲ ಅಂದ್ರೆ ಇಬ್ಬರಿಗೂ 180, ತೆಂಗೆನ್ ಸೇರಿ ಕಪ್ಪಿಗೆ 181. ಏರಿಯಾ ಲೆಕ್ಕದಲ್ಲಿ (ಕಲ್ಲು, ಸುತ್ತುವರಿದ ಜಾಗ ಎರಡನ್ನೂ ಎಣಿಸೋದು) ಕಪ್ಪಿಗೆ 1 ಪಾಯಿಂಟ್ ಲೀಡು. ಚೀನಾದಲ್ಲಿ ಕೊಮಿ 7.5, ಜಪಾನ್ ಕೊರಿಯಾದಲ್ಲಿ 6.5. ಅಂದ್ರೆ ಕಾಪಿ ಮಾಡ್ತಾ ಕೂತ್ರೆ ಕಪ್ಪು ಆರಾಮಾಗಿ ಸೋಲತ್ತೆ, ಎಲ್ಲೋ ಒಂದು ಕಡೆ ತಾನೇ ಮುರಿದು ಲಾಭ ಮಾಡ್ಕೊಳ್ಳಲೇಬೇಕು. ಯಾವಾಗ ಮುರೀತಾರೆ ಅಂತ ಬಿಳಿ ಕಾಯ್ತಾ ಇರಬಹುದು.

ಅದರ ಜೊತೆಗೆ ಬಿಳಿ ಮಾಡಬೇಕಾದ ಕೆಲಸ, ಆ ತೆಂಗೆನ್ ಕಲ್ಲನ್ನ ಕೆಲಸಕ್ಕೆ ಬಾರದ ಹಾಗೆ ಮಾಡೋದು. ಸುತ್ತಮುತ್ತ ಎರಡೂ ಕಡೆಯವರು ಗಟ್ಟಿಯಾಗಿ ಬದುಕಿಬಿಟ್ರೆ ನಡುವಲ್ಲಿ ಒಂಟಿ ಕಲ್ಲಿಗೆ ಏನು ಬೆಲೆ? ಒಂದೇ ಎಚ್ಚರ ಬೇಕು, ನಡುವಿನ ಕಡೆ ಓಡೋ ಲ್ಯಾಡರನ್ನ (ಓಡೋ ಕಲ್ಲನ್ನ ಮೆಟ್ಟಿಲಿನ ಹಾಗೆ ಅಟ್ಟಿಕೊಂಡು ಹೋಗೋದು) ನಂಬ್ಕೊಂಡು ಕಪ್ಪನ್ನ ಅಟ್ಟಬೇಡಿ, ದಾರಿಗೆ ತೆಂಗೆನ್ ಕಲ್ಲು ಅಡ್ಡ ಬಂದ್ರೆ ಲ್ಯಾಡರ್ ಮುರೀತು.

ಹಾಗಾದ್ರೆ ಬಿಳಿ ಕಾಪಿ ಮಾಡೋದು ಜಾಣತನಾನಾ?

ತರ್ಕದ ಪ್ರಕಾರ ಇದು ಕಪ್ಪಿನ ಮಿರರ್‌ಗಿಂತ ಗಟ್ಟಿ. ಬಿಳಿ ಹೇಳೋದು ಇಷ್ಟೇ: ಹೇಗೂ ಕೊಮಿ ನನ್ನ ಕಡೆ ಇದೆ, ಎಲ್ಲ ಸಮ ಆಗ್ತಾ ಹೋಗ್ಲಿ, ನೀನೇ ಒಂದಿನ ತೆಂಗೆನ್ ಆಡ್ಬೇಕು, ಆಗ ಆ ಕಲ್ಲು 6.5ರಷ್ಟು ಕೆಲಸ ಮಾಡತ್ತಾ ನೋಡೋಣ. ಕಪ್ಪು ಗಾಬರಿ ಬಿದ್ದು ಹತ್ತನೇ ನಡೆಗೇ ತೆಂಗೆನ್ ಆಡಿದ್ರೆ ಬಿಳಿಗೆ ಖುಷಿ, ಸುತ್ತ ಏನೂ ಇಲ್ದೆ ನಡುವಲ್ಲಿ ಒಂದು ಕಲ್ಲು, ದೊಡ್ಡ ಅಂಚಿನ ಜಾಗಗಳೆಲ್ಲ ಇನ್ನೂ ಖಾಲಿ. ಹಾಗಾಗಿ ಕಪ್ಪಿನ ಕೆಲಸ ಬೇಗ ತೆಂಗೆನ್ ಆಡೋದಲ್ಲ. ಅದರ ಬೆಲೆ ಏರಿಸೋದು, ಏರಿಸಿ ಏರಿಸಿ ತನ್ನ ಸರದಿ ಬಂದಾಗ ತಗೊಳ್ಳೋದು.

ಅದನ್ನ ಮಾಡೋದು ಹೇಗೆ? ಉದಾಹರಣೆ ಕೊಡಿ.

9×9 ಬೋರ್ಡ್ ಮುಂದಿಟ್ಕೊಂಡು ನಿಜವಾಗ್ಲೂ ಕಲ್ಲು ಇಟ್ಟು ನೋಡಿ. ತೆಂಗೆನ್ (5,5). ಬಿಳಿ ಕಾಪಿ ಮಾಡ್ತಿದೆ.

ಕಪ್ಪು (5,4), ಬಿಳಿ (5,6). ಕಪ್ಪು (4,5), ಬಿಳಿ (6,5). ಈಗ ತೆಂಗೆನ್‌ನ ನಾಲ್ಕು ಪಕ್ಕದಲ್ಲಿ ಎರಡು ಕಪ್ಪು ಎರಡು ಬಿಳಿ. ಈಗ ಕಪ್ಪು (6,6) ಆಡತ್ತೆ, ಬಿಳಿಯ ಎರಡು ಕಲ್ಲು ಸೇರೋಕಿದ್ದ ಹೊರಗಿನ ಜಾಗಕ್ಕೇ ಹೋಗಿ ಕೂರತ್ತೆ. ಬಿಳಿ ಇದನ್ನೂ ಕಾಪಿ ಮಾಡಿ (4,4) ಇಟ್ರು ಅಂದ್ಕೊಳ್ಳಿ. ಸರದಿ ಕಪ್ಪಿಂದು. ಕಪ್ಪು ತೆಂಗೆನ್ ಆಡಿದ ತಕ್ಷಣ (5,4), (4,5), (5,5) ಮೂರೂ ಒಂದೇ ಗುಂಪು, ನಾಲ್ಕು ಲಿಬರ್ಟಿ (ಪಕ್ಕದ ಖಾಲಿ ಪಾಯಿಂಟು, ಅವೆಲ್ಲ ಎದುರಾಳಿ ತುಂಬಿದ್ರೆ ಗುಂಪು ಹೋಯ್ತು). ಬಿಳಿಯ (5,6) ಮತ್ತು (6,5) ಬೇರೆಬೇರೆ ಆಗಿಹೋದ್ವು, ಒಂದೊಂದಕ್ಕೂ ಎರಡೆರಡೇ ಲಿಬರ್ಟಿ, ಅತ್ಲಾಗೆ (4,4) ಇನ್ನೊಂದು ಒಂಟಿ ಕಲ್ಲು. ಕಾಪಿ ಮಾಡೋಕೆ ಎದುರು ಪಾಯಿಂಟೇ ಇಲ್ಲ, ಯಾಕಂದ್ರೆ ತೆಂಗೆನ್‌ನ ಎದುರು ತೆಂಗೆನ್ನೇ.

ಇಲ್ಲಿ ಆಗಿದ್ದು ಏನು? ಆ ಒಂದು ಪಾಯಿಂಟು ಇಬ್ಬರಿಗೂ ಕೂಡಿಸೋ ಜಾಗ, ಇಬ್ಬರಿಗೂ ಕಡಿಯೋ ಜಾಗ ಆಯ್ತು, ಸ್ಥಿತಿ ಪೂರ್ತಿ ಸಿಮೆಟ್ರಿಕ್ ಆಗಿದ್ದಾಗ ಸರದಿ ಯಾವಾಗ್ಲೂ ಕಾಪಿ ಮಾಡ್ದೇ ಇರೋರದ್ದು. ಬುದ್ಧಿವಂತ ಬಿಳಿ (6,6) ಬಿದ್ದ ಕೂಡ್ಲೇ ಕಾಪಿ ಬಿಟ್ಟು ತಾನೇ ತೆಂಗೆನ್ ತಗೋತಾರೆ. ಅದೂ ನಿಮಗೆ ಒಳ್ಳೇದೇ, ಸಿಮೆಟ್ರಿ ಮುರೀತು, ಇನ್ಮೇಲೆ ಮಾಮೂಲಿ ಆಟ. ಕಾಪಿ ಮಾಡೋರನ್ನ ನೀವು ಆರಿಸಿದ ಹೊತ್ತಲ್ಲಿ ಕಾಪಿ ಬಿಡೋ ಹಾಗೆ ಮಾಡೋದೇ ಅರ್ಧ ಗೆಲುವು. 19×19ರಲ್ಲೂ ಇದೇ ಉಪಾಯ, ಆದ್ರೆ ಅಂಚಿಂದ ಶುರುವಾಗಿ ನಡುವಿನವರೆಗೂ ಓಡಿ ಬರೋ ಗುಂಪುಗಳು ಬೇಕು, ಅದಕ್ಕೆ ತಾಳ್ಮೆ ಬೇಕು.

ಮೂಲೆಯಲ್ಲಿ ಅವರ ಕಲ್ಲು ಹಿಡಿದ್ರೆ ಮಿರರ್ ಮುರಿಯಲ್ವಾ?

ಮುರಿಯಲ್ಲ, ತುಂಬ ಜನ ಇಲ್ಲೇ ಎಡವೋದು. ನೀವು ಒಂದು ಮೂಲೆಯಲ್ಲಿ ಅಟಾರಿ (ಮುಂದಿನ ನಡೆಗೆ ಕಲ್ಲು ಹಿಡಿಯೋ ಬೆದರಿಕೆ) ಹೇಳಿದ್ರೆ ಅವರು ಎದುರು ಮೂಲೆಯಲ್ಲಿ ನಿಮಗೆ ಅಟಾರಿ ಹೇಳ್ತಾರೆ, ನೀವು ಹಿಡಿದ್ರೆ ಅವರೂ ಹಿಡೀತಾರೆ, ಲೆಕ್ಕ ಮತ್ತೆ ಸಮ. ದೂರದಲ್ಲಿ ನಡೆಯೋ ಯಾವ ಜಗಳಕ್ಕೂ ಇದೇ ಗತಿ. ಎರಡೂ ಕಡೆಯ ಜಗಳ ನಡುವಲ್ಲಿ ಬಂದು ಒಂದಕ್ಕೊಂದು ತಾಗಬೇಕು. ಆಗ ನೀವು ಹಿಡಿದ ಕಲ್ಲೇ ಅವರು ಎದುರು ಕಡೆ ನಿಮ್ಮನ್ನ ಹಿಡಿಯೋಕೆ ಬೇಕಾಗಿದ್ದ ಕಲ್ಲು ಆಗಿರತ್ತೆ, ಅದು ಬೋರ್ಡಿಂದ ಹೋದ್ಮೇಲೆ ಅವರ ಕಾಪಿ ನಡೆಗೆ ಅರ್ಥ ಇರಲ್ಲ. ಲಿಬರ್ಟಿ ರೇಸೂ, ಅಂದ್ರೆ ಯಾರು ಯಾರ ಗುಂಪನ್ನ ಮೊದಲು ಹಿಡೀತಾರೆ ಅನ್ನೋ ಪೈಪೋಟಿನೂ, ಹಾಗೇ. ನಡುವಲ್ಲಿ ಒಂದೇ ರೇಸ್ ಆಗಿ, ಎರಡೂ ಗುಂಪಿಗೂ ಅಷ್ಟಷ್ಟೇ ಲಿಬರ್ಟಿ ಇದ್ರೆ, ಮೊದಲು ಆಡೋರು ಒಂದು ನಡೆ ಮುಂದೆ, ಆ ಮೊದಲು ಆಡೋರು ನೀವೇ.

ಕೋ ಕೂಡ ಇದೇ ಥರ. ಒಂದು ಕಡೆ ಕೋ ಇದ್ರೆ ಎದುರು ಕಡೆನೂ ಅದರ ಜೋಡಿ ಕೋ ಇರತ್ತೆ, ನೀವು ಒಂದು ತಗೊಂಡ್ರೆ ಅವರು ಇನ್ನೊಂದು.

ಬೋರ್ಡ್ ಸೈಜಿಗೂ ಮಿರರ್ ಗೋಗೂ ಏನು ಸಂಬಂಧ?

ನೇರ ಸಂಬಂಧ. 9×9ರಲ್ಲಿ ಎಲ್ಲಿ ಆಡಿದ್ರೂ ನಡುವಿಗೆ ಹತ್ರನೇ, ಮಿರರ್ ಆರೇಳು ಜೋಡಿ ನಡೆ ಬಾಳೋದೂ ಕಷ್ಟ. 13×13ರಲ್ಲಿ ಸ್ವಲ್ಪ ಹೆಚ್ಚು. 19×19ರಲ್ಲಿ ನಾಲ್ಕು ಮೂಲೆ ನಾಲ್ಕು ಅಂಚು ಮುಗಿಯೋವರೆಗೂ ಎಳೀಬಹುದು, ಹಾಗಾಗಿ ನೋಡೋಕೆ ಸಿಗೋದು ಹೆಚ್ಚಾಗಿ ಅಲ್ಲೇ.

ಸಮ ಸಂಖ್ಯೆ ಬೋರ್ಡು, ಅಂದ್ರೆ 8×8, 10×10 ಥರದ್ದು, ಇದ್ರೆ ತೆಂಗೆನ್ ಇಲ್ಲ. ಪ್ರತಿ ಪಾಯಿಂಟಿಗೂ ಒಂದು ಎದುರು ಪಾಯಿಂಟ್ ಇದೆ, ಹಾಗಾಗಿ ಕಪ್ಪಿಗೆ ಮಿರರ್ ಶುರು ಮಾಡೋಕೇ ದಾರಿ ಇಲ್ಲ, ಬಿಳಿಗೆ ಮಾತ್ರ ಇದೆ, ಅದನ್ನ ತಪ್ಪಿಸೋಕೆ ಕಪ್ಪಿಗೆ ಉಳಿಯೋದು ನಡುವಿನ ನಾಲ್ಕು ಪಾಯಿಂಟಿನ ಸುತ್ತ ಕಲ್ಲು ಹಿಡಿಯೋ ಜಗಳ ಒಂದೇ. ಚಾಲ್ತಿಯಲ್ಲಿರೋ ಮೂರೂ ಸೈಜು ಬೆಸ ಸಂಖ್ಯೆ ಆಗಿರೋದು ನನಗಂತೂ ತುಂಬ ಸಮಾಧಾನದ ವಿಷಯ.

ದೊಡ್ಡ ಆಟಗಾರರು ಇದನ್ನ ಆಡಿದ್ದಾರಾ?

ಆಡಿದ್ದಾರೆ. 1929ರಲ್ಲಿ ಗೋ ಸೈಗೆನ್, ಜಪಾನಿಗೆ ಬಂದ ಮರುವರ್ಷ, ಇನ್ನೂ ಹದಿಹರೆಯದ ಹುಡುಗ, ಕಿತಾನಿ ಮಿನೊರು ಎದುರು ಮೊದಲ ಕಲ್ಲನ್ನ ತೆಂಗೆನ್‌ನಲ್ಲಿ ಇಟ್ಟು ಅರವತ್ತರ ಆಸುಪಾಸಿನ ನಡೆವರೆಗೂ ಕಾಪಿ ಮಾಡಿದ್ರು. ಆಗ ಕೊಮಿ ಇರ್ಲಿಲ್ಲ, ಹಾಗಾಗಿ ಯೋಚನೆ ಹುಚ್ಚಾಟ ಆಗಿರ್ಲಿಲ್ಲ. ಕೊನೆಗೆ ಕಿತಾನಿನೇ ಗೆದ್ದಿದ್ದು. ಆ ಆಟದ ದಾಖಲೆ ಸಿಕ್ಕಿದ್ರೆ ಸಿಮೆಟ್ರಿ ಮುರಿದ ಜಾಗದಲ್ಲಿ ನಿಲ್ಲಿಸಿ, ಮುಂದಿನ ನಡೆ ನೀವೇ ಯೋಚನೆ ಮಾಡಿ ನೋಡಿ. ಬಿಳಿ ಮಿರರ್‌ಗೆ ಹೆಸರಾದವರು ಫುಜಿಸಾವಾ ಹೊಸಾಯ್, 1950ರ ದಶಕದಲ್ಲಿ, ಕೊಮಿ ಇರೋ ಆಟಗಳು ಹೆಚ್ಚಾದ ಕಾಲದಲ್ಲಿ, ಅವರು ಇದನ್ನ ಗಂಭೀರ ತಂತ್ರವಾಗಿ ಮತ್ತೆಮತ್ತೆ ಆಡಿದ್ರು.

ಇದು ಮೋಸ ಅಲ್ವಾ?

ಅಲ್ಲ. ಸಾಮಾನ್ಯ ನಿಯಮಗಳಲ್ಲಿ ಎಲ್ಲೂ ನಿಷೇಧ ಇಲ್ಲ. ಎದುರು ಕೂತವರಿಗೆ ಕಿರಿಕಿರಿ ಆಗತ್ತೆ ನಿಜ, ಆದ್ರೆ ಕಿರಿಕಿರಿ ಆಗಿ ಅವಸರದಲ್ಲಿ ಮುರಿಯೋಕೆ ಹೋಗೋದೇ ಕಾಪಿ ಮಾಡೋರಿಗೆ ಬೇಕಾಗಿರೋದು. ನನ್ನ ಅಭಿಪ್ರಾಯ ಕೇಳಿದ್ರೆ, ಕಲಿಯೋ ಹಂತದಲ್ಲಿ ಇದನ್ನ ಅಭ್ಯಾಸ ಮಾಡ್ಕೊಬೇಡಿ, ಯಾಕಂದ್ರೆ ಐವತ್ತು ನಡೆ ನೀವು ಯೋಚನೆನೇ ಮಾಡಿರಲ್ಲ. ಎದುರಿಸೋದನ್ನ ಮಾತ್ರ ಖಂಡಿತ ಕಲೀರಿ.

ಮಿರರ್ ಬಿಟ್ರೆ ಸಿಮೆಟ್ರಿಯಿಂದ ಬೇರೇನು ಉಪಯೋಗ?

ನಿಜವಾದ ಉಪಯೋಗ ಇಲ್ಲೇ ಇರೋದು. ಆಕಾರ ಎಡಬಲ ಒಂದೇ ಥರ ಇದ್ರೆ ನಡುವಲ್ಲಿ ಆಡು ಅಂತ ಗೋನಲ್ಲಿ ಹಳೇ ಗಾದೆ ಇದೆ. ಕಣ್ಣಿನ ಜಾಗ ಸಾಲಾಗಿ ಮೂರು ಪಾಯಿಂಟ್ ಇದೆ ಅಂದ್ಕೊಳ್ಳಿ, ನಡುವಿನದ್ದು ನೀವು ಆಡಿದ್ರೆ ಎರಡು ಕಣ್ಣು, ಗುಂಪು ಬದುಕ್ತು. ಎದುರಾಳಿ ಆಡಿದ್ರೆ ಸತ್ತಿತು. ಪ್ಲಸ್ ಆಕಾರದ ಐದು ಪಾಯಿಂಟಿಗೂ ನಡುವೇ ಜೀವ. ಬದುಕು-ಸಾವಿನ ಲೆಕ್ಕಗಳನ್ನ ಬಿಡಿಸೋವಾಗ ಮೊದಲು ಸಿಮೆಟ್ರಿಯ ಗೆರೆ ಎಲ್ಲಿದೆ ಅಂತ ಹುಡುಕಿ, ಅದರ ಮೇಲಿರೋ ಪಾಯಿಂಟುಗಳನ್ನ ಮೊದಲು ಪ್ರಯತ್ನಿಸಿ. ಅಂಚು, ಮೂಲೆ ಹತ್ರ ಇದ್ರೆ ಮಾತ್ರ ಹುಷಾರು, ಕಣ್ಣಿಗೆ ಸಿಮೆಟ್ರಿ ಕಂಡ್ರೂ ಲಿಬರ್ಟಿ ಎರಡೂ ಕಡೆ ಒಂದೇ ಇರಲ್ಲ.

ಇನ್ನೊಂದು, ಬಿಡಿಸಿದ ಲೆಕ್ಕವನ್ನೇ ಮಗುಚಿ, ತಿರುಗಿಸಿ, ಬಣ್ಣ ಅದಲುಬದಲು ಮಾಡಿ ಮತ್ತೆ ಬಿಡಿಸಿ. ಎಡ ಮೇಲಿನ ಮೂಲೆಯಲ್ಲಿ ಸಲೀಸಾಗಿ ಕಂಡಿದ್ದು ಬಲ ಕೆಳಗೆ ಬಂದಾಗ ಕಾಣದೇ ಹೋಗತ್ತೆ, ಆಕಾರ ನಿಜವಾಗ್ಲೂ ಮನಸ್ಸಲ್ಲಿ ಕೂತಿದ್ಯಾ ಅಂತ ಆಗ ಗೊತ್ತಾಗತ್ತೆ.

ಎಐ ಪ್ರೋಗ್ರಾಮುಗಳು ಸಿಮೆಟ್ರಿ ಬಳಸ್ತಾವಾ?

ಆಲ್ಫಾಗೋ ಝೀರೋ ತರಬೇತಿಯಲ್ಲಿ ಬೋರ್ಡನ್ನ 8 ರೀತಿ ತಿರುಗಿಸಿ ಮಗುಚಿ ಕೊಡ್ತಿದ್ರು, ಒಂದು ಆಟದಿಂದ ಎಂಟು ಪಾಠ. ಆಲ್ಫಾಝೀರೋಗೆ ಆ ಸೌಲಭ್ಯ ಕೊಡ್ಲಿಲ್ಲ, ಯಾಕಂದ್ರೆ ಅದೇ ಪ್ರೋಗ್ರಾಮ್ ಚೆಸ್, ಶೋಗಿನೂ (ಜಪಾನಿನ ಚೆಸ್) ಕಲೀಬೇಕಿತ್ತು, ಅವುಗಳಲ್ಲಿ ಬೋರ್ಡ್ ತಿರುಗಿಸಿದ್ರೆ ಆಟವೇ ಬೇರೆ ಆಗತ್ತೆ.

ಕೊಮಿ ಇಲ್ಲದಿದ್ರೆ ಕಪ್ಪು ಸೋಲೋದೇ ಇಲ್ಲ ಅಂತಾರಲ್ಲ, ಅದೂ ಸಿಮೆಟ್ರಿನಾ?

ಹೌದು, ಒಂದು ಥರ. ಖಾಲಿ ಬೋರ್ಡ್ ಇಬ್ಬರಿಗೂ ಒಂದೇ, ಗೋನಲ್ಲಿ ಪಾಸ್ ಮಾಡಬಹುದು. ಎರಡನೆಯವರಿಗೆ ಖಚಿತ ಗೆಲುವಿನ ದಾರಿ ಇದೆ ಅಂದ್ಕೊಂಡ್ರೆ, ಕಪ್ಪು ಮೊದಲ ನಡೆನೇ ಪಾಸ್ ಮಾಡಿ ತಾನೇ ಎರಡನೆಯವರಾಗಿಬಿಡಬಹುದು, ಆ ದಾರಿ ಈಗ ಕಪ್ಪಿಂದು. ಅಂದ್ರೆ ಮೊದಲು ಊಹಿಸಿದ್ದೇ ತಪ್ಪು. ಹಾಗಾಗಿ ಪರಿಪೂರ್ಣವಾಗಿ ಆಡಿದ್ರೆ ಕಪ್ಪಿಗೆ ಕನಿಷ್ಠ ಡ್ರಾ, ಯಾವ ಸೈಜಿನ ಬೋರ್ಡಾದ್ರೂ. ಎಲ್ಲಿ ಆಡ್ಬೇಕು ಅಂತ ಮಾತ್ರ ಈ ವಾದ ಹೇಳಲ್ಲ.

ಮಿರರ್ ಎದುರಿಸೋಕೆ ಅಭ್ಯಾಸ ಹೇಗೆ ಮಾಡೋದು?

13×13 ತಗೊಳ್ಳಿ, 9 ತೀರ ಬೇಗ ಮುರಿಯತ್ತೆ, 19 ತೀರ ಉದ್ದ. ಜೊತೆಗಾರರಿಗೆ ಕಾಪಿ ಮಾಡ್ತಾನೇ ಇರಿ, ಬೇಕು ಅನ್ಸಿದಾಗ ಮಾತ್ರ ಬಿಡಿ ಅಂತ ಹೇಳಿ, ನೀವು ಕಪ್ಪು ಹಿಡೀರಿ. ಪ್ರತಿ ಜೋಡಿ ನಡೆ ಆದ್ಮೇಲೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಈಗ ತೆಂಗೆನ್ ಆಡಿದ್ರೆ ಬಿಳಿ ಉತ್ತರ ಕೊಡಲೇಬೇಕಾ, ಅಥವಾ ಬಿಟ್ಟು ಬೇರೆ ಕಡೆ ಆಡಬಹುದಾ? ಬಿಡಬಹುದು ಅಂದ್ರೆ ಇನ್ನೂ ಹೊತ್ತು ಬಂದಿಲ್ಲ, ನಡುವಿನ ಕಡೆ ಇನ್ನೊಂದು ಕಲ್ಲು ಇಡಿ.